ಎರಡು ಮನೆ ನಡುವಿನ ಮೂರು ಅಡಿ: ಪ್ಲೇಗ್‌ನಿಂದ ಪಿಜಿವರೆಗೆ ಬೆಂಗಳೂರಿನ ಮನೆಗಳ ಕಥೆ

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ)



ಇವತ್ತು ಮನೆ ಬಗ್ಗೆ ಮಾತಾಡೋಣ. ಈ ರೀಲ್ ನಿಮಗೂ ಬಂದಿರತ್ತೆ: ಮಣ್ಣಿನ ಗೋಡೆ, ಕೆಂಪು ನೆಲ, ಮನೆ ಮಧ್ಯೆ ತೊಟ್ಟಿ, ಮೇಲಿಂದ ಬೀಳೋ ಬಿಸಿಲು, ಹಿಂದೆ ಕೊಳಲಿನ ಮ್ಯೂಸಿಕ್. ಕೆಳಗೆ ‘ಎಸಿ ಬೇಡದ ಮನೆ’ ಅಂತ ಕ್ಯಾಪ್ಷನ್. ವಾಸ್ತುಶಿಲ್ಪದಲ್ಲಿ ಇದೇ ಈಗಿನ ದೊಡ್ಡ ಟ್ರೆಂಡ್ ಅಂತ ಹೇಳ್ತಾರೆ. ನಮ್ಮ ಅಜ್ಜಿಗೆ ಒಂದ್ಸಲ ತೋರಿಸಿದೆ. “ಇದರಲ್ಲಿ ಹೊಸದೇನಿದೆಯೋ? ಗುಡಿಸೋದು ಯಾರು ಅಂತ ಕೇಳು” ಅಂದ್ರು.

ಅಜ್ಜಿಯ ಮಾತು ಕೇಳಿ ನನಗೆ ಒಂದು ಪ್ರಶ್ನೆ ಬಂತು. ಇದೆಲ್ಲ ನಮ್ಮ ಹತ್ರ ಮೊದಲೇ ಇತ್ತು ಅಂದ್ರೆ, ನಾವು ಇದನ್ನ ಯಾವಾಗ ಬಿಟ್ವಿ? ಯಾಕೆ ಬಿಟ್ವಿ? ಉತ್ತರ ಹುಡುಕೋಕೆ ಬೆಂಗಳೂರಿನ ಸುಮಾರು 125 ವರ್ಷದ ಮನೆಗಳನ್ನ ನೋಡ್ತಾ ಹೋದೆ. ಹೋಗ್ತಾ ಹೋಗ್ತಾ ಗೋಡೆ, ನೆಲ, ಚಾವಣಿಗಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದಿದ್ದು ಎರಡು ಮನೆಗಳ ನಡುವಿನ ಖಾಲಿ ಜಾಗ. ಈ ಊರಿನ ಮನೆಗಳ ಕಥೆ ಅಂದ್ರೆ ಹೆಚ್ಚುಕಮ್ಮಿ ಆ ಜಾಗದ ಕಥೆಯೇ. ಅದು ಹೇಗೆ ಹುಟ್ಟಿತು, ಯಾರಿಗೆ ಸಿಕ್ತು, ಆಮೇಲೆ ಹೇಗೆ ಕಾಣೆಯಾಯ್ತು ಅಂತ ಹೇಳ್ತೀನಿ.

ಪೇಟೆಗೆ ಪ್ಲೇಗ್ ಬಂದಾಗ

1898ರ ಆಗಸ್ಟ್. ಬೆಂಗಳೂರು ಆಗ ಒಂದೇ ಊರಾಗಿರಲಿಲ್ಲ. ಒಂದು ಕಡೆ ಮೈಸೂರು ಮಹಾರಾಜರ ಆಡಳಿತದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು, ಅಂದ್ರೆ ಕಂಟೋನ್ಮೆಂಟ್. 1896ರಲ್ಲಿ ಬಾಂಬೆಯಲ್ಲಿ ಶುರುವಾಗಿದ್ದ ಪ್ಲೇಗ್, ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಇಲ್ಲಿಗೆ ಬಂತು.

ಆಗಿನ ಪೇಟೆ ಹೇಗಿತ್ತು ಅಂತ ತಿಳ್ಕೋಬೇಕು ಅಂದ್ರೆ ಇವತ್ತೂ ಚಿಕ್ಕಪೇಟೆ, ಬಳೇಪೇಟೆ ಗಲ್ಲಿಗಳಲ್ಲಿ ನಡೀಬಹುದು. ಬೀದಿಗೆ ಕಿರಿದಾದ ಮುಖ, ಒಳಗೆ ಉದ್ದಕ್ಕೆ ಹೋಗೋ ಮನೆ. ಮುಂದೆ ಅಂಗಡಿ, ಹಿಂದೆ ಸಂಸಾರ. ಎರಡು ಮನೆಗೆ ಒಂದೇ ಗೋಡೆ. ಪಕ್ಕದಲ್ಲಿ ಕಿಟಕಿ ಇಡೋಕೆ ಜಾಗವೇ ಇರಲ್ಲ, ಹಾಗಾಗಿ ಅನುಕೂಲಸ್ಥರ ಮನೆಗಳಲ್ಲಿ ನಡುವೆ ತೊಟ್ಟಿ ಇರ್ತಿತ್ತು. ಗಾಳಿ, ಬೆಳಕು, ಮಳೆ ಮೂರೂ ಅಲ್ಲಿಂದಲೇ ಬರ್ತಿತ್ತು. ಈಗ ರೀಲ್‌ನಲ್ಲಿ ಅಂದವಾಗಿ ಕಾಣೋ ತೊಟ್ಟಿಗೆ ಮೂಲದಲ್ಲಿ ಇಷ್ಟು ಸರಳವಾದ ಕಾರಣ ಇತ್ತು. ಬಡವರ ಮನೆಗಳಲ್ಲಿ ಆ ತೊಟ್ಟಿಯೂ ಇರಲಿಲ್ಲ.

ಪ್ಲೇಗ್ ಬಂದ್ಮೇಲೆ ಜನ ಊರು ಬಿಟ್ಟು ಹೋದ್ರು. ಸೋಂಕಿದೆ ಅಂತ ಅನ್ನಿಸಿದ ಮನೆಗಳನ್ನ ಖಾಲಿ ಮಾಡಿಸಿದ್ರು, ಹೆಂಚು ತೆಗೆಸಿ ಬಿಸಿಲು ಬೀಳೋ ಹಾಗೆ ಮಾಡಿದ್ರು, ಕೆಲವನ್ನ ಕೆಡವಿದ್ರು. ಪ್ಲೇಗ್ ಅಮ್ಮನ ಗುಡಿಗಳು ಎದ್ದಿದ್ದು ಆ ಭಯದಲ್ಲೇ. ಅದೇ ಹೊತ್ತಲ್ಲಿ ಸರ್ಕಾರ ಪೇಟೆಯ ಹೊರಗೆ ಎರಡು ಹೊಸ ಬಡಾವಣೆಗಳ ಕೆಲಸಕ್ಕೆ ವೇಗ ಕೊಟ್ಟಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ.

ಇಲ್ಲಿ ಒಂದು ತಮಾಷೆ ಇದೆ. ಪ್ಲೇಗ್‌ನ ಬ್ಯಾಕ್ಟೀರಿಯಾ ಪತ್ತೆಯಾಗಿದ್ದು 1894ರಲ್ಲಿ, ಹಾಂಗ್‌ಕಾಂಗ್‌ನಲ್ಲಿ. ಆದ್ರೆ ಅದು ಹರಡೋದು ಇಲಿಯ ಮೈಮೇಲಿನ ಚಿಗಟದಿಂದ ಅಂತ ಫ್ರೆಂಚ್ ವೈದ್ಯ ಪೌಲ್-ಲೂಯಿ ಸಿಮೊಂ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ, ಅಂದ್ರೆ ಬೆಂಗಳೂರಿಗೆ ಪ್ಲೇಗ್ ಬಂದ ವರ್ಷವೇ. ಅವರ ಮಾತನ್ನ ಎಲ್ಲರೂ ಒಪ್ಪೋಕೆ ಇನ್ನೂ ಸುಮಾರು ಹತ್ತು ವರ್ಷ ಹಿಡೀತು. ಅಲ್ಲಿವರೆಗೂ ಅಧಿಕಾರಿಗಳ ತಲೆಯಲ್ಲಿ ಇದ್ದಿದ್ದು ಕೆಟ್ಟ ಗಾಳಿ, ಕತ್ತಲೆ, ಜನಸಂದಣಿ. ಅದಕ್ಕೇ ಅಗಲವಾದ ರಸ್ತೆ, ಮನೆಯಿಂದ ಮನೆಗೆ ಅಂತರ, ಸುತ್ತ ಕಾಂಪೌಂಡು. ರೋಗದ ಕಾರಣ ಸರಿಯಾಗಿ ಗೊತ್ತಿಲ್ಲದೆ ಕಟ್ಟಿದ ಬಡಾವಣೆ ವಾಸಕ್ಕೆ ಮಾತ್ರ ತುಂಬ ಚೆನ್ನಾಗಿ ಆಯ್ತು. ಈ ಊರಲ್ಲಿ ಎರಡು ಮನೆ ನಡುವೆ ಜಾಗ ಬಿಡಬೇಕು ಅನ್ನೋದು ನಿಯಮವಾಗಿ ಬೇರು ಬಿಟ್ಟಿದ್ದು ಈ ಭಯದಿಂದ.

ಆ ಗಾಳಿ ಯಾರಿಗೆ ಸಿಕ್ತು?

ಹಳೇ ಮಲ್ಲೇಶ್ವರ ಅಂದ್ರೆ ನಮಗೆಲ್ಲ ಒಂಥರಾ ಪ್ರೀತಿ. ವರಾಂಡ, ಸಂಪಿಗೆ ಮರ, ಕಿಟಕಿ ಮೇಲೆ ಚೂಪಾದ ಟೋಪಿಯಂಥ ಮರದ ಹೊದಿಕೆ. ಆ ಹೊದಿಕೆಗೆ ಬೆಂಗಳೂರಲ್ಲಿ ಮಂಕಿ ಟಾಪ್ ಅಂತ ಹೆಸರು. ಮೊದಲು ದಂಡಿನ ಬಂಗಲೆಗಳಲ್ಲಿ ಬಂತು, ಆಮೇಲೆ ಬಡಾವಣೆಗಳಿಗೂ ಇಳೀತು. ನೋಡೋಕೆ ಅಲಂಕಾರ ಅನ್ನಿಸತ್ತೆ, ಆದ್ರೆ ಅದಕ್ಕೆ ಕೆಲಸ ಇದೆ: ಬಿಸಿಲು, ಎರಚಲು ಎರಡನ್ನೂ ತಡೆದು, ಕಿಟಕಿಯನ್ನ ಮಳೆಯಲ್ಲೂ ತೆರೆದಿಡೋಕೆ ಬಿಡತ್ತೆ. ಗೋಡೆಯ ಮೇಲ್ಭಾಗದಲ್ಲಿ ಸಣ್ಣ ವೆಂಟಿಲೇಟರ್. ಬಿಸಿ ಗಾಳಿ ಮೇಲಕ್ಕೆ ಹೋಗತ್ತಲ್ಲ, ಅದು ಅಲ್ಲಿಂದ ಹೊರಗೆ ಹೋಗತ್ತೆ, ಕೆಳಗಿನ ಕಿಟಕಿಯಿಂದ ತಣ್ಣನೆ ಗಾಳಿ ಒಳಗೆ ಬರತ್ತೆ. ಎತ್ತರದ ಚಾವಣಿ, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ್ಮೇಲೆ, ಒಂದಕ್ಕೊಂದು ಕೊಂಡಿಯಾಗಿ ಕೂರೋ ಆ ಹೆಂಚು ದೇಶ ವಿದೇಶಕ್ಕೆಲ್ಲ ಹೋಯ್ತು. ಹೆಂಚಿನ ಸಂದಿಯಿಂದಲೂ ಗಾಳಿ ಆಡತ್ತೆ.

ಆದ್ರೆ ಈ ಮನೆಗಳ ಹಿಂದಕ್ಕೂ ಹೋಗಿ ನೋಡ್ಬೇಕು. ಮಲ್ಲೇಶ್ವರದಲ್ಲಿ ಎರಡು ಸಾಲು ಮನೆಗಳ ಬೆನ್ನಿಗೆ ಇವತ್ತೂ ಕಿರಿದಾದ ಓಣಿಗಳಿವೆ. ಕನ್ಸರ್ವೆನ್ಸಿ ಲೇನ್ ಅಂತಾರೆ. ನಾನು ಒಂದು ಭಾನುವಾರ ಅಲ್ಲಿ ನಡೆದೆ. ಈಗ ಬೈಕು ನಿಲ್ಲಿಸ್ತಾರೆ, ಅಲ್ಲಲ್ಲಿ ಗೋಡೆಗೆ ಚಿತ್ರ ಬಿಡಿಸಿದ್ದಾರೆ. ಅವು ಇದ್ದಿದ್ದು ಯಾತಕ್ಕೆ ಗೊತ್ತಾ? ಆಗ ಒಳಚರಂಡಿ ಇರಲಿಲ್ಲ. ಕಕ್ಕಸು ಹಿತ್ತಲಲ್ಲಿ. ಮಲವನ್ನ ಕೈಯಲ್ಲಿ ತೆಗೆದು, ಹೊತ್ತು ಸಾಗಿಸಬೇಕಿತ್ತು. ಅದನ್ನ ಮಾಡೋರು ದಲಿತ ಸಮುದಾಯಗಳ ಜನ. ಅವರು ಮುಂಬಾಗಿಲ ಕಡೆ ಬರಬಾರದು, ಕಣ್ಣಿಗೆ ಬೀಳಬಾರದು ಅಂತ ಹಿಂದೆ ಬೇರೆ ದಾರಿ.

ಇನ್ನೊಂದು ವಿಷಯ. ಈ ಎರಡು ಬಡಾವಣೆಗಳಲ್ಲಿ ಬ್ಲಾಕ್‌ಗಳನ್ನ ಜಾತಿ, ಸಮುದಾಯ ನೋಡಿ ವಿಂಗಡಿಸೋ ಯೋಜನೆಯೇ ಇತ್ತು. ಸೈಟಿಗೆ ದುಡ್ಡು ಕಟ್ಟಿ, ಮನೆ ಕಟ್ಟಿಸೋ ಶಕ್ತಿ ಇದ್ದೋರು ಪೇಟೆಯಿಂದ ಹೊರಟ್ರು. ಇಲ್ಲದೋರು ಅದೇ ಗಲ್ಲಿಗಳಲ್ಲಿ ಉಳ್ಕೊಂಡ್ರು. ರೋಗ ಎಲ್ಲರಿಗೂ ಬಂತು, ಗಾಳಿ ಎಲ್ಲರಿಗೂ ಸಿಗಲಿಲ್ಲ. ದಂಡಿನ ಕಡೆ ಫ್ರೇಜರ್ ಟೌನ್ ಕೂಡ ಇದೇ ಪ್ಲೇಗ್ ಭಯದಲ್ಲಿ ಹುಟ್ಟಿದ ಬಡಾವಣೆ. ಹಾಗಾಗಿ ‘ಹಳೇ ಬೆಂಗಳೂರು ಎಷ್ಟು ಚೆನ್ನಾಗಿತ್ತು’ ಅಂತ ಯಾರಾದ್ರೂ ಅಂದಾಗ, ಯಾರಿಗೆ ಅಂತ ಒಂದ್ಸಲ ಕೇಳಿ.

ಬರ್ಲಿನ್‌ನಿಂದ ಓಡಿ ಬಂದವರು

ಈಗ ಕಥೆಗೆ ಒಬ್ಬ ಜರ್ಮನ್ ಬರ್ತಾರೆ. ಹೆಸರು ಓಟ್ಟೊ ಕ್ಯೋನಿಗ್ಸ್‌ಬರ್ಗರ್. ಹುಟ್ಟಿದ್ದು 1908ರಲ್ಲಿ, ಬರ್ಲಿನ್‌ನಲ್ಲಿ, ಯಹೂದಿ ಕುಟುಂಬ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದ್ಮೇಲೆ ಜರ್ಮನಿ ಬಿಟ್ರು, ಈಜಿಪ್ಟ್‌ಗೆ ಹೋದ್ರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಮುಖ್ಯ ವಾಸ್ತುಶಿಲ್ಪಿ ಆದ್ರು. ಆಗ ವಯಸ್ಸು ಮೂವತ್ತರ ಆಸುಪಾಸು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರ ಸಂಬಂಧಿ. ಬಾರ್ನ್ ಕೂಡ 1935–36ರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಾಠ ಮಾಡಿ ಹೋಗಿದ್ದವರು.

ಯುರೋಪಿನಲ್ಲಿ ಆಗ ಆಧುನಿಕ ವಾಸ್ತುಶಿಲ್ಪ ಅಂದ್ರೆ ಚಪ್ಪಟೆ ಚಾವಣಿ, ಬಿಳಿ ಗೋಡೆ, ದೊಡ್ಡ ಗಾಜಿನ ಕಿಟಕಿ. ಅಲ್ಲಿ ಬಿಸಿಲು ಸಿಕ್ಕರೆ ಪುಣ್ಯ. ಇಲ್ಲಿ ಬಿಸಿಲನ್ನ ತಡೀಬೇಕು, ಗಾಳಿಯನ್ನ ಬಿಡಬೇಕು. ಕ್ಯೋನಿಗ್ಸ್‌ಬರ್ಗರ್ ಐಐಎಸ್‌ಸಿಗೆ ಏರೋನಾಟಿಕಲ್ ವಿಭಾಗದ ಕಟ್ಟಡ ಸೇರಿ ಹಲವು ಕಟ್ಟಡ ಮಾಡಿದ್ರು. ಸಿಮೆಂಟು, ಕಬ್ಬಿಣ ಬಳಸಿ ಕಟ್ಟೋ ಹೊಸ ಕಾಲದ ಕಟ್ಟಡವನ್ನ ಈ ಊರಿನ ಬಿಸಿಲು ಮಳೆಗೆ ಹೇಗೆ ಒಗ್ಗಿಸೋದು ಅನ್ನೋದು ಅವರ ತಲೆನೋವು. 1948ರಲ್ಲಿ ದೆಹಲಿಗೆ ಹೋಗಿ ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದ್ರು. ಭುವನೇಶ್ವರದ ನಗರ ಯೋಜನೆ ಅವರದ್ದೇ. ಆಮೇಲೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ವಿಭಾಗವನ್ನೇ ನಡೆಸಿದ್ರು. ಸಹೋದ್ಯೋಗಿಗಳ ಜೊತೆ 1974ರಲ್ಲಿ ತಂದ ಅವರ ಕೈಪಿಡಿಯನ್ನ ಬಿಸಿ ದೇಶಗಳ ವಾಸ್ತುಶಿಲ್ಪ ವಿದ್ಯಾರ್ಥಿಗಳು ಇವತ್ತೂ ಓದ್ತಾರೆ. ಆ ಪಾಠದ ಒಂದು ಭಾಗವನ್ನ ಅವರು ಕಲ್ತಿದ್ದು ನಮ್ಮೂರಲ್ಲಿ.

ಪಾಠ ಏನು ಅಂದ್ರೆ, ಸರಳವಾಗಿ ಹೇಳ್ತೀನಿ. ಬೆಂಗಳೂರಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಮ್ಮಿ ನೆತ್ತಿ ಮೇಲೇ ಇರ್ತಾನೆ. ಉತ್ತರ, ದಕ್ಷಿಣದ ಕಿಟಕಿಗೆ ಮೇಲೊಂದು ಸಜ್ಜಾ ಹಾಕಿದ್ರೆ ನೆರಳು ಸಿಗತ್ತೆ. ಆದ್ರೆ ಬೆಳಗ್ಗೆ, ಸಂಜೆ ಸೂರ್ಯ ಕೆಳಗಿರ್ತಾನೆ, ಬಿಸಿಲು ಅಡ್ಡಡ್ಡ ಬರತ್ತೆ. ಪಶ್ಚಿಮದ ಗೋಡೆ ಸಂಜೆವರೆಗೂ ಕಾದು, ರಾತ್ರಿ ನೀವು ಮಲಗಿದಾಗ ಆ ಬಿಸಿಯನ್ನ ಒಳಗೆ ಬಿಡತ್ತೆ. ಎರಡನೇದು, ಒಂದೇ ಕಿಟಕಿ ಇದ್ರೆ ಗಾಳಿ ಬಾಗಿಲಿಗೆ ಬಂದು ವಾಪಸ್ ಹೋಗತ್ತೆ. ಎದುರಿನ ಅಥವಾ ಪಕ್ಕದ ಗೋಡೆಯಲ್ಲಿ ಇನ್ನೊಂದು ಇದ್ರೇ ಒಳಗೆ ಹರಿಯತ್ತೆ. ಹೀಗೆ ಎರಡು ಕಡೆ ಕಿಟಕಿ ಇಡಬೇಕು ಅಂದ್ರೆ ಆಚೆ ಕಡೆ ಖಾಲಿ ಜಾಗ ಇರಬೇಕು. ನೋಡಿ, ಮತ್ತೆ ಅಲ್ಲಿಗೇ ಬಂದ್ವಿ.

ಮೂವತ್ತು–ನಲವತ್ತರ ಲೆಕ್ಕ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ಊರು ಒಮ್ಮೆಲೇ ಬೆಳೀತು. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಬಂದ್ವು. ಸಾವಿರಾರು ಕಾರ್ಮಿಕರು, ಗುಮಾಸ್ತರು, ಎಂಜಿನಿಯರ್‌ಗಳಿಗೆ ಮನೆ ಬೇಕಿತ್ತು. 1945ರಲ್ಲಿ ಸಿಐಟಿಬಿ, ಅಂದ್ರೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಶುರುವಾಯ್ತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿತ್ತು. 1976ರಲ್ಲಿ ಟ್ರಸ್ಟ್‌ನ ಜಾಗಕ್ಕೆ ಬಿಡಿಎ ಬಂತು. ಆ ಕಾಲದಲ್ಲಿ ಬೆಂಗಳೂರಿನ ಮಧ್ಯಮ ವರ್ಗದ ಕನಸು ಒಂದು ಅಳತೆಯಲ್ಲಿ ಗಟ್ಟಿಯಾಯ್ತು: ಥರ್ಟಿ–ಫಾರ್ಟಿ ಸೈಟು.

ಹೆಂಚು ಹೋಗಿ ಆರ್‌ಸಿಸಿ ಮೋಲ್ಡ್ ಬಂತು. ಯಾಕೆ ಅಂದ್ರೆ ಮೋಲ್ಡ್ ಮೇಲೆ ಇನ್ನೊಂದು ಮಹಡಿ ಕಟ್ಟಬಹುದು, ಬಾಡಿಗೆ ಕೊಡಬಹುದು. ಮಂಕಿ ಟಾಪ್ ಹೋಗಿ ಸಿಮೆಂಟ್ ಸಜ್ಜಾ ಬಂತು. ನೆಲಕ್ಕೆ ರೆಡ್ ಆಕ್ಸೈಡ್: ಸಿಮೆಂಟಿಗೆ ಕಬ್ಬಿಣದ ಆಕ್ಸೈಡ್ ಪುಡಿ ಸೇರಿಸಿ, ಮೇಸ್ತ್ರಿ ಗಂಟೆಗಟ್ಟಲೆ ಕೂತು ಕರಣೆಯಲ್ಲಿ ತಿಕ್ಕಿ ನುಣುಪು ಮಾಡ್ತಿದ್ದ. ಆಗ ಅದು ಅಗ್ಗದ ನೆಲ. ಈಗ ಅದನ್ನ ಚೆನ್ನಾಗಿ ಮಾಡೋ ಕೈಗಳು ಕಡಿಮೆ, ಹಾಗಾಗಿ ದುಬಾರಿ ನೆಲ.

ಈಗ ಸ್ವಲ್ಪ ಲೆಕ್ಕ ಹಾಕೋಣ, ಫೋನಲ್ಲಿ ಕ್ಯಾಲ್ಕುಲೇಟರ್ ಇದ್ಯಲ್ಲ. 30×40 ಅಂದ್ರೆ 1,200 ಚದರ ಅಡಿ. ನಮ್ಮ ಮೇಸ್ತ್ರಿಗಳ ಭಾಷೆಯಲ್ಲಿ ಹನ್ನೆರಡು ಚದರ. ನಾಲ್ಕೂ ಕಡೆ ಬರೀ ಮೂರು ಅಡಿ ಬಿಟ್ರೆ ಕಟ್ಟೋಕೆ ಉಳಿಯೋದು 24×34, ಅಂದ್ರೆ 816 ಚದರ ಅಡಿ. ಹೋಗಿದ್ದು 384 ಚದರ ಅಡಿ. ಒಂದೇ ಮಹಡಿ ಆದ್ರೆ ಪರವಾಗಿಲ್ಲ. ನಾಲ್ಕು ಮಹಡಿ ಅಂದ್ರೆ 1,536 ಚದರ ಅಡಿ. ಅಂದ್ರೆ ಎರಡು ಸಣ್ಣ ಮನೆಗಳ ಬಾಡಿಗೆ. ಮಾಲೀಕರ ಕಣ್ಣಿಗೆ ಆ ಮೂರು ಅಡಿ ಹೇಗೆ ಕಾಣತ್ತೆ ಅಂತ ಈಗ ಅರ್ಥ ಆಗತ್ತೆ ಅಲ್ವಾ? ಸೈಟಿನ ರೇಟು ಏರಿದ ಹಾಗೆಲ್ಲ ಆ ಜಾಗ ಬಿಡೋಕೆ ಮನಸ್ಸು ಬರಲ್ಲ. ಸಾಲ ಮಾಡಿ ಸೈಟು ತಗೊಂಡ ನಿವೃತ್ತ ಗುಮಾಸ್ತರಿಗೆ ಆ ಬಾಡಿಗೆಯೇ ಪಿಂಚಣಿ. ಎಲ್ಲರನ್ನೂ ದುರಾಸೆ ಅಂತ ಬೈಯೋಕೆ ಆಗಲ್ಲ.

ಆದ್ರೆ ಎಲ್ಲರೂ ಹೀಗೇ ಮಾಡಿದಾಗ ಏನಾಗತ್ತೆ? ನೀವು ಮೂರು ಅಡಿ ಮುಂದೆ ಬಂದ್ರಿ, ಪಕ್ಕದವರೂ ಬಂದ್ರು, ಈಗ ಇಬ್ಬರ ಕಿಟಕಿಗೂ ಎದುರಿಗೆ ಗೋಡೆ. ನಾನು ಈ ಊರಿಗೆ ಬಂದ ಹೊಸದರಲ್ಲಿ ಇದ್ದ ಪಿಜಿ ರೂಮಲ್ಲಿ ಕಿಟಕಿ ಇತ್ತು. ಕೈ ಚಾಚಿದ್ರೆ ಪಕ್ಕದ ಬಿಲ್ಡಿಂಗ್ ಸಿಗ್ತಿತ್ತು. ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕ್ಬೇಕು. ಒಗೆದ ಬಟ್ಟೆ ಎರಡು ದಿನವಾದ್ರೂ ವಾಸನೆ. ನಿಮ್ಮಲ್ಲಿ ಎಷ್ಟೋ ಜನ ಈಗಲೂ ಅಂಥ ರೂಮಲ್ಲೇ ಕೂತು ಇದನ್ನ ಕೇಳ್ತಿರಬಹುದು. ಪ್ಲೇಗ್ ಕಾಲದ ಪೇಟೆಯ ಕೆಲವು ಮನೆಗಳಿಗೆ ತೊಟ್ಟಿಯಾದ್ರೂ ಇತ್ತು, ಈ ರೂಮಿಗೆ ಅದೂ ಇಲ್ಲ.

ನಿಯಮ ಇರಲಿಲ್ವಾ ಅಂದ್ರೆ, ಇತ್ತು. ಸೆಟ್‌ಬ್ಯಾಕ್ ಇಷ್ಟು ಬಿಡಬೇಕು ಅಂತ ಬೈಲಾದಲ್ಲಿ ಇವತ್ತೂ ಇದೆ. ಪ್ಲಾನ್‌ನಲ್ಲಿ ಬಿಟ್ಟಿರ್ತಾರೆ, ಕಟ್ಟುವಾಗ ನುಂಗಿರ್ತಾರೆ. ಎಷ್ಟೊಂದು ಕಟ್ಟಡ ಹೀಗಾಯ್ತು ಅಂದ್ರೆ, ದಂಡ ಕಟ್ಟಿಸ್ಕೊಂಡು ಸಕ್ರಮ ಮಾಡೋಕೆ ಸರ್ಕಾರವೇ ‘ಅಕ್ರಮ–ಸಕ್ರಮ’ ಯೋಜನೆ ತಂತು. ವಾಸದ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನ ಸಕ್ರಮ ಮಾಡೋ ಅವಕಾಶ ಅದರಲ್ಲಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಡ್ತು. ದುಡ್ಡು ಕಟ್ಟಿದ್ರೆ ಕಾಗದ ಸಕ್ರಮ ಆಗಬಹುದು, ರೂಮಿಗೆ ಗಾಳಿ ಬರಲ್ಲ.

ಗಾಜು ಬಂತು, ಮಣ್ಣು ವಾಪಸ್ ಬಂತು

1990ರ ದಶಕದಿಂದ ಐಟಿ ಜೊತೆಗೆ ಗಾಜಿನ ಕಟ್ಟಡಗಳು ಬಂದ್ವು. ಚಳಿ ದೇಶದಲ್ಲಿ ಗಾಜಿಗೆ ಅರ್ಥ ಇದೆ, ಬಿಸಿಲು ಒಳಗೆ ಬಂದು ಬೆಚ್ಚಗಾಗತ್ತೆ. ಒಳಗೆ ಬಂದ ಶಾಖ ಅಷ್ಟು ಸುಲಭವಾಗಿ ಹೊರಗೆ ಹೋಗಲ್ಲ. ಬಿಸಿಲಲ್ಲಿ ನಿಲ್ಲಿಸಿದ ಕಾರು ನೆನಪು ಮಾಡ್ಕೊಳ್ಳಿ. ನಾವು ಮೊದಲು ಕಾರಿನಂಥ ಕಟ್ಟಡ ಕಟ್ಟಿ, ಆಮೇಲೆ ಎಸಿ ಹಾಕಿ ತಣ್ಣಗೆ ಮಾಡ್ತೀವಿ. ಆ ಎಸಿಯ ಬಿಸಿ ಮತ್ತೆ ಬೀದಿಗೇ ಬರತ್ತೆ. ಫ್ಯಾನ್ ಕೂಡ ಬೇಡ ಅಂತಿದ್ದ ಊರಲ್ಲಿ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಯ್ತು.

ಇದೇ ಊರಲ್ಲಿ ಬೇರೆ ದಾರಿ ಹುಡುಕಿದವರೂ ಇದ್ದರು. 1974ರಲ್ಲಿ ಐಐಎಸ್‌ಸಿಯಲ್ಲಿ ಎ.ಕೆ.ಎನ್. ರೆಡ್ಡಿ ಅವರು ‘ಅಸ್ತ್ರ’ ಅನ್ನೋ ಕೇಂದ್ರ ಶುರು ಮಾಡಿದ್ರು. ಹಳ್ಳಿಗಳಿಗೆ ಉಪಯೋಗ ಆಗೋ ವಿಜ್ಞಾನ ಅದರ ಗುರಿ. ಅಲ್ಲಿ ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿನ ಇಟ್ಟಿಗೆ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ರು. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಲ್ಲಿ ಎಳೆಯೋ ಯಂತ್ರದಲ್ಲಿ ಒತ್ತಿ, ನೀರು ಹಾಕಿ ಕೆಲವು ವಾರ ಹದ ಮಾಡೋದು. ಭಟ್ಟಿ ಇಲ್ಲ, ಸೌದೆ ಇಲ್ಲ. ಪಾಯ ತೋಡಿದ ಮಣ್ಣಿಂದಲೇ ಗೋಡೆ. ಇಂಥ ಮಣ್ಣಿನ ಮನೆಗಳನ್ನ ನಗರದ ಮಧ್ಯೆಯೇ ಕಟ್ಟಿ ತೋರಿಸಿದವರಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಹೆಸರು ದೊಡ್ಡದು. ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯ ಮಾಡಿದ ಫಿಲ್ಲರ್ ಸ್ಲ್ಯಾಬ್ ಕೂಡ ಇಲ್ಲಿಗೆ ಬಂತು. ಮೋಲ್ಡ್‌ನ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸ ಇರಲ್ಲ, ಎಳೆತ ತಡೆಯೋದು ಕಬ್ಬಿಣ. ಅಲ್ಲಿ ಕಾಂಕ್ರೀಟ್ ಬದಲು ಹಳೇ ಹೆಂಚು ಇಟ್ಟುಬಿಡೋದು. ಸಿಮೆಂಟ್ ಉಳಿಯತ್ತೆ, ಶಾಖವೂ ಕಡಿಮೆ. ಮನೆ ಮೇಲಿಂದ ಇಳಿಸಿದ್ದ ಮಂಗಳೂರು ಹೆಂಚು ಹೀಗೆ ಮೋಲ್ಡ್ ಒಳಗೆ ಸೇರಿಕೊಳ್ತು. ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿದ್ದೀರಾ? ಬಿ.ವಿ. ದೋಶಿ ಅವರ ಕೈಕೆಲಸ. ಇಲ್ಲಿನದೇ ಬೂದು ಕಲ್ಲು, ಬಳ್ಳಿ ಹಬ್ಬಿದ ಉದ್ದುದ್ದ ಪಡಸಾಲೆ, ಅರ್ಧ ಒಳಗೆ ಅರ್ಧ ಹೊರಗೆ. ದೋಶಿ ಅವರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತೀಯರಲ್ಲಿ ಅವರೇ ಮೊದಲು.

ಅಂದ್ರೆ ಉತ್ತರ ನಮ್ಮ ಹತ್ರ ಇದೆ. ಹಾಗಿದ್ರೂ ನನಗೆ ಆ ರೀಲ್ ನೋಡಿದಾಗ ಒಂಚೂರು ಕಸಿವಿಸಿ. ಆ ಮನೆಗಳ ಕೆಳಗೆ ಎಷ್ಟು ಜಾಗ ಇದೆ ನೋಡಿ. ಹಳ್ಳಿಗೆ ಅಂತ ಹುಟ್ಟಿದ ಮಣ್ಣಿನ ಇಟ್ಟಿಗೆ, ಬಡವರಿಗೆ ಅಗ್ಗವಾಗಲಿ ಅಂತ ಬಂದ ಫಿಲ್ಲರ್ ಸ್ಲ್ಯಾಬ್ ಈಗ ಹೆಚ್ಚಾಗಿ ತೋಟದ ಮನೆಗಳಲ್ಲಿ, ದೊಡ್ಡ ಸೈಟುಗಳಲ್ಲಿ ಕಾಣ್ತಿವೆ. 1898ರಲ್ಲಿ ಆದದ್ದೇ ಮತ್ತೆ ಆಗ್ತಿದೆ ಅನ್ನಿಸತ್ತೆ. ಶಕ್ತಿ ಇದ್ದೋರು ಗಾಳಿ ಇರೋ ಕಡೆ ಹೋಗ್ತಾರೆ, ಉಳಿದೋರು ಗಲ್ಲಿಯಲ್ಲಿ ಉಳೀತಾರೆ.

ನೀರಿನ ಕಥೆಯೂ ಇದೇ. ಮನೆ ಸುತ್ತ ಮಣ್ಣು ಇದ್ದಾಗ ಮಳೆ ನೀರು ಒಳಗೆ ಇಳೀತಿತ್ತು. 1,200 ಚದರ ಅಡಿ ಚಾವಣಿ ಮೇಲೆ ಬೆಂಗಳೂರಿನ ಒಂದು ವರ್ಷದ ಮಳೆ ಸುಮಾರು 1 ಲಕ್ಷ ಲೀಟರ್ ಬೀಳತ್ತೆ. ಹದಿನಾರಕ್ಕೂ ಹೆಚ್ಚು 6,000 ಲೀಟರ್ ಟ್ಯಾಂಕರ್‌ಗಳಷ್ಟು. ಹೊಸ ಮನೆ 30×40 ಇದ್ರೂ ಮಳೆ ನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಬಂತು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕ್ಯೂ ನಿಂತಿದ್ದು ನಿಮಗೂ ನೆನಪಿರತ್ತೆ.

ನನಗನ್ನಿಸೋದು ಇಷ್ಟು. ಈ ಊರಿಗೆ ತುರ್ತಾಗಿ ಬೇಕಿರೋದು ಹೊಸ ಸ್ಟೈಲ್‌ಗಿಂತ ಮೊದಲು ಆ ಮೂರು ಅಡಿ. ಅದನ್ನ ಒಬ್ಬೊಬ್ಬರೇ ಬಿಟ್ಟು ಪ್ರಯೋಜನ ಇಲ್ಲ. ಪಕ್ಕದವರೂ ಬಿಡಬೇಕು, ಅದಕ್ಕೆ ನಿಯಮ ಎಲ್ಲರಿಗೂ ಒಂದೇ ಥರ ಜಾರಿಯಾಗಬೇಕು. ಪ್ಲೇಗ್ ಬಂದಾಗ ಈ ಊರು ಅದನ್ನ ಮಾಡ್ತು, ಆದ್ರೆ ಕೆಲವರಿಗೆ ಮಾತ್ರ ಮಾಡ್ತು. ಈ ಸಲ ಬಾಡಿಗೆ ರೂಮಿಗೂ ಆ ನಿಯಮ ಮುಟ್ಟಬೇಕು.

ಅಲ್ಲಿವರೆಗೆ ನಿಮ್ಮ ಕೈಯಲ್ಲಿ ಆಗೋ ಸಣ್ಣ ಕೆಲಸ. ಮುಂದಿನ ಸಲ ರೂಮು ನೋಡೋಕೆ ಹೋದಾಗ ಬೆಳಗ್ಗೆ ಹೋಗ್ಬೇಡಿ, ಮಧ್ಯಾಹ್ನ ಮೂರರ ಮೇಲೆ ಹೋಗಿ. ಲೈಟ್ ಆರಿಸೋಕೆ ಹೇಳಿ. ಪಶ್ಚಿಮದ ಗೋಡೆ ಮುಟ್ಟಿ ನೋಡಿ. ಕಿಟಕಿ ಎರಡು ಗೋಡೆಯಲ್ಲಿ ಇದ್ಯಾ, ತೆರೆದ್ರೆ ಆಕಾಶ ಕಾಣತ್ತಾ ಅಂತ ನೋಡಿ. ಮನೆ ಕಟ್ಟಿಸ್ತಿರೋ ಅಪ್ಪ ಅಮ್ಮಂದಿರು ಇದ್ರೆ, ಗ್ರಾನೈಟ್ ಬಣ್ಣ ಆರಿಸೋಕೆ ಮುಂಚೆ ಪ್ಲಾನ್ ತೆಗೆದು ಪಕ್ಕದಲ್ಲಿ ಎಷ್ಟು ಬಿಟ್ಟಿದ್ದಾರೆ ಅಂತ ಟೇಪ್ ಹಿಡಿದು ಅಳತೆ ಮಾಡಿ.

ನಿಮ್ಮ ಕಿಟಕಿ ತೆರೆದ್ರೆ ಏನು ಕಾಣತ್ತೆ? ಒಂದು ಫೋಟೋ ತೆಗೆದು, ಏರಿಯಾ ಹೆಸರು ಬರೆದು ನಮಗೆ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಅದರ ಬಗ್ಗೆ ಮಾತಾಡೋಣ.